ವಿಜ್ಞಾನದ ದಾರಿಯಲ್ಲಿ ಹೆಣ್ಣುಮಕ್ಕಳ ಬಳಗ

ಈ ಸ್ಮರಣಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ, ಶಾಲೆಯ ಫಲಿತಾಂಶಗಳನ್ನೂ ಕಟ್ಟಡದ ವಿಚಾರವನ್ನೂ ಬೇರೆಯವರು ಬರೆಯುವರಾದುದರಿಂದ, ನಾವು ಒಂದು ಪಾಠವನ್ನೇ ಬರೆಯೋಣವೆಂದು ನಿಶ್ಚಯಿಸಿದೆವು. ಇದು ಪಠ್ಯಪುಸ್ತಕದಲ್ಲಿಲ್ಲದ ಪಾಠ. ನಮಗೂ ಇದನ್ನು ಯಾರೂ ಕಲಿಸಲಿಲ್ಲ. ಟ್ರೈನಿಂಗ್ ಕಾಲೇಜಿನಲ್ಲಿಯೂ ಇದರ ಮಾತು ಬರಲಿಲ್ಲ. ವಿಜ್ಞಾನವನ್ನು ಓದಿದ ಹುಡುಗಿಯು ವಿಜ್ಞಾನದಲ್ಲಿಯೇ ನೆಲೆಯೂರಬೇಕಾದರೆ ಅಂಕಗಳಲ್ಲದೆ ಇನ್ನೇನು ಬೇಕು ಎಂಬುದೇ ಇದರ ವಿಷಯ.

ಮೊದಲು ನಮ್ಮ ತಪ್ಪನ್ನು ಹೇಳಿಕೊಳ್ಳುವುದು ನ್ಯಾಯ. ಕೆಲವು ವರ್ಷಗಳ ಹಿಂದೆ ಕೆಂಗೇರಿಯ ಕಡೆಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿಯು ನಮ್ಮಲ್ಲಿದ್ದಳು. ಹೆಸರು ಬೇಡ. ಪ್ರಯೋಗಶಾಲೆಯ ಬೀರುವಿನಲ್ಲಿ ಬಹುಕಾಲದಿಂದ ಕೆಟ್ಟು ಬಿದ್ದಿದ್ದ ವಿದ್ಯುದ್ಗಂಟೆಯನ್ನು ಬಿಚ್ಚಿ, ಬಿಸ್ಕತ್ತಿನ ಡಬ್ಬಿಯಿಂದ ಕತ್ತರಿಸಿದ ತಗಡಿನ ತುಂಡೊಂದನ್ನು ಜೋಡಿಸಿ, ಅದು ಮತ್ತೆ ಬಡಿಯುವಂತೆ ಮಾಡಿದವಳು ಅವಳೇ. ಹತ್ತನೆಯ ತರಗತಿಯನ್ನು ಮುಗಿಸಿ ಹೊರಡುವಾಗ, "ಮಿಸ್, ನಾನು ಮುಂದೆ ಏನು ಓದಲಿ?" ಎಂದು ಕೇಳಿದಳು. ನಾವು ಸ್ವಲ್ಪವೂ ಯೋಚಿಸದೆ, "ಬಿ.ಎಸ್‌ಸಿ. ಮಾಡು, ಆಮೇಲೆ ಬಿ.ಎಡ್. ಮಾಡು, ಹೆಣ್ಣುಮಕ್ಕಳಿಗೆ ಗೌರವದ ಕೆಲಸ" ಎಂದೆವು. ಅಧ್ಯಾಪಿಕೆಯ ವೃತ್ತಿಯನ್ನು ಕೀಳೆಂದೆಣಿಸುವವರು ನಾವಲ್ಲ. ಹಾಗೆಣಿಸಿದರೆ ನಮ್ಮ ಇಪ್ಪತ್ತು ವರ್ಷಗಳು ಏನಾದುವು? ಆದರೆ ಅವಳು ಕೇಳಿದ ಪ್ರಶ್ನೆಗೆ ನಾವು ಕೊಟ್ಟದ್ದು ಉತ್ತರವಲ್ಲ, ನಮಗೆ ಗೊತ್ತಿದ್ದ ಒಂದೇ ದಾರಿ.

ಅವಳು ಹಾಗೆಯೇ ಮಾಡಿದಳು. ಅವಳು ಪದವಿಗೆ ಓದಿದ ಕಾಲೇಜಿನಲ್ಲಿ ಒಂದು ವರ್ಷ, ವಿಜ್ಞಾನ ಅಕಾಡೆಮಿಗಳು ಬೇಸಗೆಯ ರಜೆಯಲ್ಲಿ ವಿದ್ಯಾರ್ಥಿಗಳನ್ನು ಸಂಶೋಧಕರ ಬಳಿ ಕೆಲಸಕ್ಕೆ ಕಳುಹಿಸುವ ಫೆಲೋಷಿಪ್ಪಿನ ಪ್ರಕಟಣೆಯನ್ನು ಮಹಡಿಯ ಸೂಚನಾಫಲಕದಲ್ಲಿ ಹಚ್ಚಿದ್ದರಂತೆ. ಸಾಯಂಕಾಲ ಅಲ್ಲಿ ನಿಂತು ಮಾತನಾಡುತ್ತಿದ್ದ ಹುಡುಗರು ಅದನ್ನು ಓದಿಕೊಂಡು ಅರ್ಜಿ ಹಾಕಿದರು. ಇವಳು ನಾಲ್ಕೂವರೆಯ ಬಸ್ಸಿಗೆ ಓಡುವವಳು. ಇವಳಿಗೆ ತಿಳಿಯುವ ಹೊತ್ತಿಗೆ ಕಡೆಯ ದಿನ ಕಳೆದು ಹನ್ನೊಂದು ದಿನಗಳಾಗಿದ್ದುವು. ಈಗ ಬೇರೊಂದು ಶಾಲೆಯಲ್ಲಿ ಚೆನ್ನಾಗಿ ಪಾಠ ಹೇಳುತ್ತಿದ್ದಾಳೆ. ಕಳೆದ ವರ್ಷ ನಮ್ಮನ್ನು ನೋಡಲು ಬಂದಾಗ ಕಾಫಿಯ ಲೋಟವನ್ನು ಕೆಳಗಿಟ್ಟು, "ನನಗೆ ಬುದ್ಧಿ ಸಾಲದೆ ಹೋಯಿತೋ, ಯಾರೂ ಹೇಳದೆ ಹೋದರೋ, ಈಗಲೂ ತಿಳಿಯದು ಮಿಸ್" ಎಂದಳು. ದೂರಿನ ದನಿಯಿರಲಿಲ್ಲ. ಆದಕಾರಣವೇ ಆ ಮಾತು ನಮ್ಮ ಮನಸ್ಸಿನಿಂದ ಹೋಗಲಿಲ್ಲ.

ನಮ್ಮಂಥ ಶಾಲೆಗಳಲ್ಲಿ ಒಂದು ಅಭ್ಯಾಸವಿದೆ. 'ವಶೀಲಿ' ಎಂಬ ಶಬ್ದವನ್ನು ಕೇಳಿದರೆ ನಾವು ಮುಖ ತಿರುಗಿಸುತ್ತೇವೆ. ತಕ್ಕ ಯೋಗ್ಯತೆಯಿಲ್ಲದವನಿಗೆ ದೊಡ್ಡವರ ಮಾತಿನಿಂದ ಸ್ಥಾನ ಸಿಕ್ಕುವುದು ಅನ್ಯಾಯವೆಂದು ಮಕ್ಕಳಿಗೆ ಕಲಿಸುತ್ತೇವೆ. ಸರಿಯೇ. ಆದರೆ ಇದರೊಡನೆ ಇನ್ನೊಂದನ್ನೂ ತಿಳಿಯದೆ ಕಲಿಸಿಬಿಟ್ಟಿದ್ದೇವೆ. ಯಾರನ್ನೂ ಏನನ್ನೂ ಕೇಳಬಾರದು, ಕೇಳುವುದು ಸಂಕೋಚದ ವಿಷಯ, ಒಳ್ಳೆಯ ಹುಡುಗಿಯು ಅಂಕಪಟ್ಟಿಯನ್ನು ಹಿಡಿದು ಸುಮ್ಮನೆ ಕಾದಿರತಕ್ಕವಳು ಎಂದು ಅವರು ತಿಳಿದುಕೊಂಡಿದ್ದಾರೆ. ವಶೀಲಿಯು ಅಯೋಗ್ಯನನ್ನು ಒಳಕ್ಕೆ ನೂಕುತ್ತದೆ. ಪರಿಚಯವಾದರೋ ಯೋಗ್ಯಳಿಗೆ ಬಾಗಿಲೆಲ್ಲಿದೆ, ಯಾವ ದಿನ ತೆರೆಯುತ್ತದೆ, ಒಳಗೆ ಯಾರಿದ್ದಾರೆ ಎಂಬುದನ್ನು ತಿಳಿಸುತ್ತದೆ. ಗಂಡುಮಕ್ಕಳು ಇದನ್ನು ಹಾಸ್ಟೆಲಿನಲ್ಲಿ, ಕ್ರಿಕೆಟ್ ಮೈದಾನದಲ್ಲಿ, ಹೋಟೆಲಿನ ಮೇಜಿನ ಸುತ್ತ, ಪ್ರಯತ್ನವಿಲ್ಲದೆಯೇ ಪಡೆಯುತ್ತಾರೆ. ಹೆಣ್ಣುಮಕ್ಕಳಿಗಾಗಿ ಅದನ್ನು ಯಾರಾದರೂ ಬೇಕೆಂದೇ ಕಟ್ಟಬೇಕಾಗುತ್ತದೆ. ಈ ಮಾತಿಗೆ ನಮ್ಮ ಬೆಂಗಳೂರಿನ ಚರಿತ್ರೆಯಲ್ಲಿಯೇ ಪ್ರಮಾಣಗಳಿವೆ.

೧೯೩೩ರಲ್ಲಿ ಕಮಲಾ ಭಾಗವತ್ ಎಂಬ ತರುಣಿಯು ಬೊಂಬಾಯಿ ವಿಶ್ವವಿದ್ಯಾನಿಲಯದ ಬಿ.ಎಸ್‌ಸಿ. ಪದವಿಯನ್ನು ಪಡೆದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಎಂದರೆ ನಮ್ಮ ಜನರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಸ್ಥಳಕ್ಕೆ, ಅರ್ಜಿ ಹಾಕಿದರು. ಅವರ ತಂದೆಯೂ ಚಿಕ್ಕಪ್ಪನೂ ಅಲ್ಲಿಯೇ ರಸಾಯನಶಾಸ್ತ್ರವನ್ನು ಕಲಿತವರು. ಆದುದರಿಂದ ಅಂಥದೊಂದು ಸ್ಥಳವಿದೆಯೆಂಬುದೂ ಅಲ್ಲಿಗೆ ಹೋಗಬಹುದೆಂಬುದೂ ಮನೆಯಲ್ಲಿಯೇ ತಿಳಿದಿತ್ತು. ಆಗ ಸಂಸ್ಥೆಯ ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್‌ರವರು ಹೆಣ್ಣೆಂಬ ಕಾರಣದಿಂದ ಅರ್ಜಿಯನ್ನು ತಳ್ಳಿಹಾಕಿದರು. ಕಮಲಾ ಹಿಂದಿರುಗಲಿಲ್ಲ. ಬೆಂಗಳೂರಿಗೇ ಬಂದು ಕಾರಣವನ್ನು ಕೇಳಿ, ನಿರ್ದೇಶಕರ ಕಚೇರಿಯ ಮುಂದೆ ಸತ್ಯಾಗ್ರಹ ಹೂಡಿದರು. ಕಡೆಗೆ ಷರತ್ತುಗಳ ಮೇಲೆ ಪ್ರವೇಶ ದೊರೆಯಿತು. ಮೊದಲ ವರ್ಷ ಅವರು ಕ್ರಮವಾದ ವಿದ್ಯಾರ್ಥಿನಿಯೆನಿಸಿಕೊಳ್ಳುವಂತಿರಲಿಲ್ಲ. ಮಾರ್ಗದರ್ಶಕರು ಹೇಳಿದರೆ ರಾತ್ರಿಯಲ್ಲಿಯೂ ಕೆಲಸ ಮಾಡಬೇಕು. ಅಲ್ಲಿರುವ ಪುರುಷರ ಏಕಾಗ್ರತೆಗೆ ಭಂಗ ತರಬಾರದು. ಈ ಕಡೆಯ ಷರತ್ತನ್ನು ಓದಿದಾಗ ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯರು ನಕ್ಕರು. ಆಗ ನಗುವಂತಿರಲಿಲ್ಲ.

ಅವರಿಗೆ ಮಾರ್ಗದರ್ಶಕರಾಗಿ ದೊರೆತವರು ಎಂ. ಶ್ರೀನಿವಾಸಯ್ಯನವರು, ಕಠಿಣರಾದರೂ ಕಲಿಸುವುದರಲ್ಲಿ ಕೃಪಣರಲ್ಲ. ಅವರ ಬಳಿಯಲ್ಲಿ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳ ಮೇಲೆ ಕೆಲಸ ಮಾಡಿ ೧೯೩೬ರಲ್ಲಿ ಎಂ.ಎಸ್‌ಸಿ. ಪಡೆದರು. ಇದರ ಬಳಿಕ ಸಂಸ್ಥೆಯಲ್ಲಿ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತು. ಕಮಲಾ ಕೇಂಬ್ರಿಜ್ಜಿಗೆ ಹೋದರು. ಅಲ್ಲಿ ಡೆರಿಕ್ ರಿಕ್ಟರ್ ಎಂಬವರು ತಮ್ಮ ಪ್ರಯೋಗಶಾಲೆಯಲ್ಲಿ ಸ್ಥಳ ಕೊಟ್ಟರು. ಅವರು ಬೇರೆ ಕಡೆಗೆ ಹೋದ ಮೇಲೆ ರಾಬಿನ್ ಹಿಲ್‌ರವರ ಬಳಿ ಕೆಲಸ ಮುಂದುವರಿಯಿತು. ಆಲೂಗೆಡ್ಡೆಯನ್ನು ಪರೀಕ್ಷಿಸುತ್ತ, ಸಸ್ಯಗಳ ಜೀವಕೋಶಗಳಲ್ಲಿಯೂ ಸೈಟೋಕ್ರೋಮ್ ಸಿ ಎಂಬ ವಸ್ತುವುಂಟೆಂದು ಕಂಡುಹಿಡಿದು, ೧೯೩೯ರಲ್ಲಿ ಪಿಎಚ್.ಡಿ. ಪಡೆದರು. ಆ ಪ್ರಬಂಧವು ನಾಲ್ವತ್ತೇ ಪುಟಗಳದೆಂದು ಹೇಳುತ್ತಾರೆ. ಉತ್ತರಪತ್ರಿಕೆಗೆ ಹೆಚ್ಚುವರಿ ಹಾಳೆಗಳನ್ನು ಕೇಳುವವರು ಗಮನಿಸಬೇಕು! ಮುಂದೆ ಕಮಲಾ ಸೊಹೊನಿ ಎಂಬ ಹೆಸರಿನಿಂದ ಪ್ರಸಿದ್ಧರಾದ ಈ ವಿದುಷಿಯು ಬೆಂಗಳೂರಿನಲ್ಲಿ ತಮಗಾದ ಅಪಮಾನವನ್ನು ಇಳಿವಯಸ್ಸಿನವರೆಗೂ ಮರೆಯಲಿಲ್ಲ, ಬಹಿರಂಗವಾಗಿಯೇ ಹೇಳಿದರು. ರಾಮನ್‌ರವರ ಭಾವಚಿತ್ರವನ್ನು ನಮ್ಮ ಪ್ರಯೋಗಶಾಲೆಯಿಂದ ತೆಗೆಯತಕ್ಕದ್ದೆಂದು ನಾವು ಹೇಳುವುದಿಲ್ಲ. ಫೆಬ್ರವರಿ ೨೮ರ ವಿಜ್ಞಾನ ದಿನದಂದು ರಾಮನ್ ಪರಿಣಾಮವನ್ನೂ ಹೇಳುತ್ತೇವೆ, ಈ ಕಥೆಯನ್ನೂ ಹೇಳುತ್ತೇವೆ.

ಬಾಗಿಲು ತೆರೆದ ಮಾತ್ರಕ್ಕೆ ಒಳಗಿನ ಮಾತುಕತೆಯಲ್ಲಿ ಪಾಲು ಸಿಕ್ಕಿತೆಂದಲ್ಲ. ೧೯೧೮ರಲ್ಲಿ ಪೀರುಮೇಡಿನಲ್ಲಿ ಹುಟ್ಟಿ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದ ಅನ್ನಾ ಮಣಿಯವರು ೧೯೪೦ರಲ್ಲಿ ಅದೇ ಸಂಸ್ಥೆಗೆ, ರಾಮನ್‌ರವರ ಪ್ರಯೋಗಶಾಲೆಗೇ ಬಂದರು. ವಜ್ರಗಳಿಂದಲೂ ಮಾಣಿಕ್ಯಗಳಿಂದಲೂ ಹೊರಡುವ ಬೆಳಕನ್ನು ಛಾಯಾಫಲಕದ ಮೇಲೆ ಹಿಡಿಯುವುದು ಅವರ ಕೆಲಸ. ಒಂದೊಂದು ಫಲಕಕ್ಕೆ ಹದಿನೈದು ಇಪ್ಪತ್ತು ಗಂಟೆಗಳ ಕಾಲ ಬೆಳಕು ಬೀಳಬೇಕಾಗಿದ್ದುದರಿಂದ ಎಷ್ಟೋ ರಾತ್ರಿಗಳನ್ನು ಅಲ್ಲಿಯೇ ಕಳೆದರು. ೧೯೪೨ರಿಂದ ೧೯೪೫ರೊಳಗೆ ಐದು ಲೇಖನಗಳನ್ನು ಪ್ರಕಟಿಸಿದರು. ಹಾಗಿದ್ದರೂ ಹೆಣ್ಣು ಗಂಡು ವಿದ್ಯಾರ್ಥಿಗಳು ಬೆರೆತು ಮಾತನಾಡುವುದನ್ನು ಗುರುಗಳು ಒಪ್ಪುತ್ತಿರಲಿಲ್ಲವಾದುದರಿಂದ, ಜೊತೆಯ ಸಂಶೋಧಕರ ಚರ್ಚೆಗಳಿಂದ ಅವರು ಹೊರಗಿದ್ದರು. ಪ್ರಬಂಧವು ಸಿದ್ಧವಾದಾಗ, ಎಂ.ಎಸ್‌ಸಿ. ಪದವಿಯಿಲ್ಲವೆಂಬ ನಿಯಮವನ್ನು ಮುಂದುಮಾಡಿ ಮದ್ರಾಸು ವಿಶ್ವವಿದ್ಯಾನಿಲಯವು ಪಿಎಚ್.ಡಿ. ಕೊಡಲಿಲ್ಲ.

೧೯೪೫ರಲ್ಲಿ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಇಂಗ್ಲೆಂಡಿಗೆ ಹೋದಾಗ ಅವರಿಗೆ ಬೇಕಾಗಿದ್ದುದು ಭೌತಶಾಸ್ತ್ರ. ದೊರೆತದ್ದು ಹವಾಮಾನದ ಉಪಕರಣಗಳ ವಿದ್ಯೆ. ಅದನ್ನೇ ಕೈಕೊಂಡು, ೧೯೪೮ರಲ್ಲಿ ಹಿಂದಿರುಗಿ, ಪುಣೆಯ ಹವಾಮಾನ ಇಲಾಖೆಯಲ್ಲಿ ಸುಮಾರು ನೂರು ಬಗೆಯ ಉಪಕರಣಗಳನ್ನು ಈ ದೇಶದಲ್ಲಿಯೇ ತಯಾರಿಸುವಂತೆ ನಕ್ಷೆಗಳನ್ನು ಕ್ರಮಪಡಿಸಿದರು. ಉಪ ಮಹಾನಿರ್ದೇಶಕರಾಗಿ ೧೯೭೬ರಲ್ಲಿ ನಿವೃತ್ತರಾದ ಮೇಲೆ ಬೆಂಗಳೂರಿಗೇ ಬಂದು, ಸೂರ್ಯಶಕ್ತಿಯನ್ನೂ ಗಾಳಿಯ ವೇಗವನ್ನೂ ಅಳೆಯುವ ಉಪಕರಣಗಳಿಗಾಗಿ ಒಂದು ಕಾರ್ಯಾಗಾರವನ್ನೇ ನಡೆಸಿದರು. ಅಷ್ಟು ದೊಡ್ಡವರಾದರು, ಇನ್ನೇನು ಬೇಕಾಗಿತ್ತು ಎಂದು ಕೇಳುವವರುಂಟು. ಅನ್ನಾ ಮಣಿಯವರಂಥ ಶಕ್ತಿಯುಳ್ಳವರು ಹೇಗೂ ದಾರಿ ಮಾಡಿಕೊಳ್ಳುತ್ತಾರೆ. ನಾವು ಕಲಿಸುವುದು ಅಂಥವರಿಗೆ ಮಾತ್ರವಲ್ಲ. ವಿದ್ಯುದ್ಗಂಟೆಯನ್ನು ಸರಿಪಡಿಸಿದ ಹುಡುಗಿಗೂ ಕಲಿಸುತ್ತೇವೆ.

ಈಗ ಬೇರೊಂದು ಬಗೆಯ ಕಥೆ. ಇದು ನಮ್ಮಂಥ ಮಿಷನ್ ಶಾಲೆಯೊಂದರಿಂದಲೇ, ಆದರೆ ಚೀನಾ ದೇಶದಲ್ಲಿ, ಮೊದಲಾಗುತ್ತದೆ. ಅಲ್ಲಿಯ ಚಿಯುಚಿಯಾಂಗ್ ಪಟ್ಟಣದಲ್ಲಿ ಗರ್ಟ್ರೂಡ್ ಹೌ ಎಂಬ ಅಮೆರಿಕನ್ ಮಿಷನರಿ ಅಧ್ಯಾಪಿಕೆಯಿದ್ದರು. ಅವರು ತಮ್ಮ ಶಿಷ್ಯೆಯರಿಗೆ ಇಂಗ್ಲಿಷು, ಗಣಿತ, ವಿಜ್ಞಾನಗಳನ್ನು ಕಲಿಸಿ, ೧೮೯೨ರಲ್ಲಿ ತಾವೇ ಜೊತೆಯಲ್ಲಿ ಕರೆದುಕೊಂಡು ಹೋಗಿ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ಸೇರಿಸಿದರು. ಐಡಾ ಕಾನ್ ಮತ್ತು ಮೇರಿ ಸ್ಟೋನ್ ಎಂಬ ಹೆಸರುಗಳಿಂದ ಆ ದೇಶದವರು ಕರೆದ ಆ ಇಬ್ಬರೂ ೧೮೯೬ರಲ್ಲಿ ವೈದ್ಯರಾಗಿ ಸ್ವದೇಶಕ್ಕೆ ಮರಳಿದರು. ಆ ವಿಶ್ವವಿದ್ಯಾನಿಲಯದ ಆಡಳಿತ ಮಂಡಳಿಯಲ್ಲಿದ್ದ ಲೀವೈ ಬಾರ್ಬರ್ ಎಂಬ ವಕೀಲರು ಏಷ್ಯಾ ಖಂಡದಲ್ಲಿ ಸಂಚರಿಸುವಾಗ ಇಂಥ ಹಳೆಯ ವಿದ್ಯಾರ್ಥಿನಿಯರು ಮಾಡುತ್ತಿದ್ದ ಕೆಲಸವನ್ನು ಕಣ್ಣಾರೆ ಕಂಡರು. ೧೯೧೭ರಲ್ಲಿ, ಏಷ್ಯಾದ ಹೆಣ್ಣುಮಕ್ಕಳಿಗೆಂದೇ ಒಂದು ವಿದ್ಯಾರ್ಥಿವೇತನವನ್ನು ಸ್ಥಾಪಿಸಿದರು. ಇಬ್ಬರು ಶಿಷ್ಯೆಯರು ಚೆನ್ನಾಗಿ ಬಾಳಿದ್ದನ್ನು ಒಬ್ಬ ಮೂರನೆಯವರು ನೋಡಿದ್ದರಿಂದ ಇಷ್ಟಾಯಿತು.

ಅದು ನಮ್ಮ ಕಡೆಗೆ ಬಂದ ಬಗೆಯನ್ನು ನೋಡಿರಿ. ತಲಶ್ಶೇರಿಯಲ್ಲಿ ಹುಟ್ಟಿ ಮದ್ರಾಸಿನಲ್ಲಿ ಓದಿದ ಜಾನಕಿ ಅಮ್ಮಾಳ್ ಎಂಬವರು ಅಲ್ಲಿಯ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಬಾರ್ಬರ್ ವಿದ್ಯಾರ್ಥಿವೇತನದ ಮೇಲೆ ೧೯೨೪ರಲ್ಲಿ ಮಿಷಿಗನ್ನಿಗೆ ಹೋಗಿ, ೧೯೩೧ರಲ್ಲಿ ಡಾಕ್ಟರ್ ಆಫ್ ಸೈನ್ಸ್ ಪದವಿಯನ್ನು ಪಡೆದರು. ಮುಂದೆ ಕೊಯಮತ್ತೂರಿನಲ್ಲಿ ಕಬ್ಬಿನ ತಳಿಗಳ ಮೇಲೆ ಕೆಲಸ ಮಾಡಿದವರೂ, ಸಿ. ಡಿ. ಡಾರ್ಲಿಂಗ್ಟನ್‌ರವರೊಡನೆ ೧೯೪೫ರಲ್ಲಿ ಸಸ್ಯಗಳ ಕ್ರೋಮೋಸೋಮುಗಳ ಮಹಾಗ್ರಂಥವನ್ನು ಹೊರತಂದವರೂ ಇವರೇ.

ಅದೇ ವಿದ್ಯಾರ್ಥಿವೇತನವು ಬೆಂಗಳೂರಿಗೂ ಬಂದಿತು. ೧೯೨೨ರಲ್ಲಿ ಹುಟ್ಟಿದ ರಾಜೇಶ್ವರಿಯವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊಟ್ಟಮೊದಲ ಪದವೀಧರೆಯರಲ್ಲಿ ಒಬ್ಬರು. ವಿಧವೆಯರ ಮತ್ತು ಗಂಡ ಬಿಟ್ಟವರ ವಿದ್ಯಾಭ್ಯಾಸಕ್ಕಾಗಿ ದುಡಿದವರು. ಅಜ್ಜಿಯು ಸ್ಥಾಪಿಸಿದ ಶಾಲೆಯಲ್ಲಿ ಮೊಮ್ಮಗಳು ಅಕ್ಷರ ಕಲಿತಳು. ಮೊದಲು ಚರಿತ್ರೆಯ ಕಡೆಗೆ ಮನಸ್ಸಿದ್ದರೂ ಗಣಿತವನ್ನು ಹಿಡಿದು, ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಬಿ.ಎಸ್‌ಸಿ. ಮತ್ತು ಎಂ.ಎಸ್‌ಸಿ. ಎರಡರಲ್ಲಿಯೂ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಮೊದಲಿಗರಾದರು. ೧೯೪೩ರಲ್ಲಿ ವಿಜ್ಞಾನ ಸಂಸ್ಥೆಯ ವಿದ್ಯುತ್ ವಿಭಾಗವನ್ನು ಸೇರಿದರು. ಸರ್ಕಾರದ ವಿದ್ಯಾರ್ಥಿವೇತನಕ್ಕೆ ಆಯ್ಕೆಯಾಗಿ ೧೯೪೭ರಲ್ಲಿ ಮಿಷಿಗನ್ನಿಗೆ ಹೋದರು. ಸರ್ಕಾರದ ಹಣವು ಮುಗಿದ ಮೇಲೆ ಓದನ್ನು ಮುಂದುವರಿಸಲು ಅವರಿಗೆ ಒದಗಿದ್ದು ಬಾರ್ಬರ್ ವಿದ್ಯಾರ್ಥಿವೇತನವೇ. ೧೯೫೩ರಲ್ಲಿ ಡಾಕ್ಟರೇಟ್ ಪಡೆದು ಮರಳಿ, ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾಗಿ, ಅಲ್ಲಿಯೇ ಅಧ್ಯಾಪಕರಾಗಿದ್ದ ಶಿಶಿರಕುಮಾರ ಚಟರ್ಜಿಯವರನ್ನು ವಿವಾಹವಾಗಿ, ಇಬ್ಬರೂ ಕೂಡಿ ಮೈಕ್ರೋವೇವ್ ಸಂಶೋಧನೆಗೆ ಪ್ರಯೋಗಶಾಲೆಯನ್ನು ಕಟ್ಟಿದರು. ರಾಜೇಶ್ವರಿ ಚಟರ್ಜಿಯವರ ಕೈಕೆಳಗೆ ಇಪ್ಪತ್ತು ಮಂದಿ ಡಾಕ್ಟರೇಟ್ ಪಡೆದರು. ಚೀನಾದ ಒಂದು ಶಾಲಾಕೊಠಡಿಯಿಂದ ಬೆಂಗಳೂರಿನ ಪ್ರಯೋಗಶಾಲೆಯವರೆಗೆ ಈ ಸರಪಳಿಯ ಕೊಂಡಿಗಳನ್ನು ಎಣಿಸಿದರೆ ಬಹಳವೇನೂ ಇಲ್ಲ. ಗರ್ಟ್ರೂಡ್ ಹೌರವರಿಗೆ ಇದರ ಬಹುಭಾಗವು ತಿಳಿಯಲೇ ಇಲ್ಲ.

ಪೋಷಕರು ಕೇಳಬಹುದು: ಅಮೆರಿಕದ ಮಾತು ನಮಗೇತಕ್ಕೆ? ಹತ್ತಿರದ ಮಾತನ್ನೇ ಹೇಳುತ್ತೇವೆ. ೧೯೬೪ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದಾಗ, ರಾಜೇಶ್ವರಿಯವರು ಓದಿದ ಸೆಂಟ್ರಲ್ ಕಾಲೇಜೂ ವಿಶ್ವೇಶ್ವರಯ್ಯನವರು ಸ್ಥಾಪಿಸಿದ ಇಂಜಿನಿಯರಿಂಗ್ ಕಾಲೇಜೂ ಅದರ ಎರಡು ಕಂಬಗಳಾದುವು. ಬಳಿಕ ಹಲವು ವಿಭಾಗಗಳು ಊರ ಪಡುವಣಕ್ಕೆ ಬಂದು, ಜ್ಞಾನಭಾರತಿಯೆಂದು ಹೆಸರಾಯಿತು. ನಮ್ಮ ಮಕ್ಕಳು ಬಸ್ಸಿನ ಕಿಟಕಿಯಿಂದ ದಿನವೂ ನೋಡುವ ಆ ಮರಗಳ ಹಿಂದೆ ಭೌತ, ರಸಾಯನ, ಸಸ್ಯ, ಪ್ರಾಣಿಶಾಸ್ತ್ರಗಳ ಪ್ರಯೋಗಶಾಲೆಗಳಿವೆ. ಅಲ್ಲಿ ಹೆಣ್ಣುಮಕ್ಕಳು ಸಂಶೋಧನೆ ಮಾಡುತ್ತಿದ್ದಾರೆ. ಆ ಇಂಜಿನಿಯರಿಂಗ್ ಕಾಲೇಜಿನಲ್ಲಿಯೇ ಎಲೆಕ್ಟ್ರಾನಿಕ್ಸ್ ಓದಿದ ಬೆಂಗಳೂರಿನವರೇ ಆದ ಟಿ. ಕೆ. ಅನುರಾಧಾರವರು ೧೯೮೨ರಲ್ಲಿ ಇಸ್ರೋ ಸಂಸ್ಥೆಯನ್ನು ಸೇರಿ, ೨೦೧೧ರಲ್ಲಿ ಹಾರಿದ ಜಿಸ್ಯಾಟ್-೧೨ ಉಪಗ್ರಹಕ್ಕೆ ಯೋಜನಾ ನಿರ್ದೇಶಕರಾಗಿದ್ದರು. ಹೀಗಿರಲಾಗಿ, ನಮ್ಮ ಶಾಲೆಯಿಂದ ಜ್ಞಾನಭಾರತಿಯ ಒಂದು ಪ್ರಯೋಗಶಾಲೆಯ ಒಳಕ್ಕೆ ಹೋಗಿ ಬಂದ ಹುಡುಗಿಯರೆಷ್ಟು ಎಂದು ನಾವು ಎಣಿಸಿ ನೋಡಿದೆವು. ಆ ಸಂಖ್ಯೆಯನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ.

ಸರ್ಕಾರವೂ ವಿದ್ವತ್ಸಂಸ್ಥೆಗಳೂ ಮಾಡಿರುವುದು ಸ್ವಲ್ಪವಲ್ಲ. ಒಂಬತ್ತರಿಂದ ಹನ್ನೆರಡನೆಯ ತರಗತಿಯ ಹುಡುಗಿಯರಿಗಾಗಿ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು 'ವಿಜ್ಞಾನ ಜ್ಯೋತಿ' ಎಂಬ ಕಾರ್ಯಕ್ರಮವನ್ನು ಏರ್ಪಡಿಸಿದೆ. ಮದುವೆ ಬಾಣಂತನಗಳಿಂದ ಕೆಲಸ ಬಿಟ್ಟವರು ಮರಳಿ ಬರಲೆಂದು ಅದೇ ಇಲಾಖೆಯು ಈ ಶತಮಾನದ ಆರಂಭದಲ್ಲಿ ತೊಡಗಿಸಿದ ಮಹಿಳಾ ವಿಜ್ಞಾನಿಗಳ ಯೋಜನೆಯು ಈಗ ವೈಸ್-ಕಿರಣ್ ಎಂಬ ಹೆಸರಿನೊಳಗೆ ಸೇರಿಕೊಂಡಿದೆ. ಈ ವಾಕ್ಯವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಎಂ.ಎಸ್‌ಸಿ. ಮಾಡಿ ಮನೆಯಲ್ಲಿರುವವರು ಎರಡು ಸಲ ಓದಬೇಕೆಂದು ಬೇಡುತ್ತೇವೆ. ಜವಾಹರಲಾಲ್ ನೆಹರು ತಾರಾಲಯದವರು ಪದವಿ ವಿದ್ಯಾರ್ಥಿಗಳಿಗೆ ಭೌತಶಾಸ್ತ್ರದ ಪಾಠಮಾಲೆಯನ್ನು ನಡೆಸುತ್ತಾರೆ. ಬೊಂಬಾಯಿಯಲ್ಲಿ ೧೯೭೩ರಲ್ಲಿ ಸ್ಥಾಪಿತವಾದ ಭಾರತೀಯ ಮಹಿಳಾ ವಿಜ್ಞಾನಿಗಳ ಸಂಘವು, ಸಭೆ ಸಮಾರಂಭಗಳಿಗೆ ನಿಲ್ಲದೆ, ಉದ್ಯೋಗಸ್ಥ ಸ್ತ್ರೀಯರಿಗೆ ಹಾಸ್ಟೆಲನ್ನೂ ಮಕ್ಕಳನ್ನು ನೋಡಿಕೊಳ್ಳುವ ಮನೆಯನ್ನೂ ನಡೆಸಿತು. ಏನು ಬೇಕೆಂಬುದನ್ನು ಬಲ್ಲವರು ಕಟ್ಟಿದ ಬಳಗವಿದು. ೨೦೦೮ರಲ್ಲಿ ನಮ್ಮೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು, ರೋಹಿಣಿ ಗೋಡ್‌ಬೋಲೆ ಮತ್ತು ರಾಮ್ ರಾಮಸ್ವಾಮಿಯವರ ಸಂಪಾದಕತ್ವದಲ್ಲಿ, ಭಾರತದ ಮಹಿಳಾ ವಿಜ್ಞಾನಿಗಳ ಜೀವನಗಳನ್ನು 'ಲೀಲಾವತೀಸ್ ಡಾಟರ್ಸ್' ಎಂಬ ಪುಸ್ತಕವಾಗಿ ಹೊರತಂದಿತು. ಅದೇ ಅಕಾಡೆಮಿಯೂ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯೂ ೨೦೧೦ರಲ್ಲಿ ಪ್ರಕಟಿಸಿದ ವರದಿಯೊಂದು, ಡಾಕ್ಟರೇಟ್ ಪಡೆದ ಸ್ತ್ರೀಯರು ವಿಜ್ಞಾನವನ್ನು ಬಿಡುವುದಕ್ಕೆ ಸಂಸಾರವೊಂದೇ ಕಾರಣವೆಂಬ ನಂಬಿಕೆಯನ್ನು ಅಲ್ಲಗಳೆದು, ತಕ್ಕ ಹುದ್ದೆ ದೊರೆಯದೆ ಹೋದದ್ದನ್ನು ಎತ್ತಿ ತೋರಿಸಿತು. ಬಾಗಿಲುಗಳು ಇವೆ, ಹುಡುಗಿಯರೂ ಇದ್ದಾರೆ. ನಡುವೆ ಹೇಳುವವರಿಲ್ಲ.

ಆದಕಾರಣ ಹತ್ತನೆಯ ತರಗತಿಗೆ ಈ ವರ್ಷ ಒಂದು ಹೊಸ ಅಭ್ಯಾಸವನ್ನು ಕೊಟ್ಟಿದ್ದೇವೆ: ಪರಿಚಯವಿಲ್ಲದ ವಿಜ್ಞಾನಿಗೆ ಕಾಗದ ಬರೆಯುವುದು. ಮೊದಲ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಹೊಗಳಿಕೆಯಿಂದ ತುಂಬಿದ್ದುವು. ಕೆಲವು ಮನೆಯ ಕಷ್ಟವನ್ನು ವರ್ಣಿಸಿದ್ದುವು. ಎರಡೂ ಬೇಡವೆಂದೆವು. ತಾನು ಯಾರು ಎಂಬುದನ್ನು ಒಂದು ವಾಕ್ಯದಲ್ಲಿ ಹೇಳಬೇಕು. ಅವರ ಕೆಲಸದಲ್ಲಿ ತಾನು ಏನನ್ನು ಓದಿ ತಿಳಿದೆನೆಂದೂ ಏನು ತಿಳಿಯಲಿಲ್ಲವೆಂದೂ ಬರೆಯಬೇಕು. ಕೇಳುವುದು ಚಿಕ್ಕದಾಗಿರಬೇಕು, ಅವರು ಸುಲಭವಾಗಿ ಹೂಂ ಎನ್ನುವಂಥದು: ಅರ್ಧ ಗಂಟೆಯ ಮಾತು, ಪ್ರಯೋಗಶಾಲೆಯನ್ನು ಒಂದು ದಿನ ನೋಡುವ ಅನುಮತಿ, ಓದತಕ್ಕ ಪುಸ್ತಕದ ಹೆಸರು. ಹತ್ತು ದಿನ ಕಾದು, ಉತ್ತರ ಬಾರದಿದ್ದರೆ ಇನ್ನೊಮ್ಮೆ ಬರೆಯಬಹುದು. ಅದಕ್ಕೂ ಬಾರದಿದ್ದರೆ ಅವಮಾನವೆಂದು ತಿಳಿಯದೆ ಬೇರೊಬ್ಬರಿಗೆ ಬರೆಯಬೇಕು. ಉತ್ತರ ಬಂದರೆ, ಇಲ್ಲವೆಂದಿದ್ದರೂ, ವಂದನೆ ಹೇಳಬೇಕು. ಕಾಗದವು ಸಂಸ್ಥೆಯ ವಿಳಾಸಕ್ಕೇ ಹೋಗತಕ್ಕದ್ದು, ಮನೆಯವರಿಗೆ ತಿಳಿದಿರತಕ್ಕದ್ದು, ಭೇಟಿಗೆ ಇಬ್ಬರು ಹುಡುಗಿಯರು ಒಬ್ಬ ಅಧ್ಯಾಪಿಕೆಯೊಡನೆ ಹೋಗತಕ್ಕದ್ದು. ಇದುವರೆಗೆ ಹೋದ ಹದಿನಾಲ್ಕು ಕಾಗದಗಳಿಗೆ ಐದು ಉತ್ತರಗಳು ಬಂದಿವೆ. ನಾವು ಎರಡನ್ನು ನಿರೀಕ್ಷಿಸಿದ್ದೆವು.

ತಾಯಿತಂದೆಗಳೊಡನೆ ಒಂದು ಮಾತು. ಮಗಳು ಐದು ಗಂಟೆಗೆ ಮನೆ ಸೇರಬೇಕೆಂಬ ನಿಯಮವು ಪ್ರೀತಿಯಿಂದ ಹುಟ್ಟಿದ್ದೆಂದು ಬಲ್ಲೆವು. ಆದರೆ ಉಪನ್ಯಾಸ ಮುಗಿದ ಮೇಲೆ ನಡೆಯುವ ಅರ್ಧ ಗಂಟೆಯ ಮಾತಿನಲ್ಲಿಯೇ ಯಾರ ಬಳಿ ಸ್ಥಳವಿದೆ, ಯಾವ ಅರ್ಜಿಗೆ ಕಡೆಯ ದಿನ ಯಾವುದು ಎಂಬ ಸಂಗತಿಗಳು ಹೊರಬರುವುವು. ನಿಮ್ಮ ಮಗಳು ಆ ಹೊತ್ತಿಗೆ ನಿಲ್ದಾಣದಲ್ಲಿರುತ್ತಾಳೆ. ೨೦೨೧ರಿಂದ ಜ್ಞಾನಭಾರತಿಗೂ ಕೆಂಗೇರಿಗೂ ಮೆಟ್ರೋ ರೈಲು ಓಡುತ್ತಿದೆ. ವಾರಕ್ಕೊಂದು ದಿನ ಏಳು ಗಂಟೆಗೆ ಬಂದರೆ ಆಗದೇ? ನಿಲ್ದಾಣದಿಂದ ಮನೆಗೆ ಬರುವ ದಾರಿಯ ಚಿಂತೆ ನ್ಯಾಯವಾದದ್ದು. ಅಣ್ಣನೋ ತಂದೆಯೋ ಎದುರುಗೊಳ್ಳಬಹುದು. ಮಗನ 'ಟ್ಯೂಷನ್'ಗಾಗಿ ಹತ್ತು ಗಂಟೆಯವರೆಗೆ ಕಾದಿರುವ ತಂದೆಗಳನ್ನು ನಾವು ಬಲ್ಲೆವು.

ಹಳೆಯ ವಿದ್ಯಾರ್ಥಿನಿಯರಿಗಾಗಿ ಶಾಲೆಯ ಕಚೇರಿಯಲ್ಲಿ ಒಂದು ದಪ್ಪ ರಿಜಿಸ್ಟರನ್ನು ಇಟ್ಟಿದ್ದೇವೆ. ಹೆಸರು, ಶಾಲೆ ಬಿಟ್ಟ ವರ್ಷ, ಓದಿದ್ದು, ಈಗಿನ ಕೆಲಸ, ಒಬ್ಬ ಹುಡುಗಿಗೆ ಒಂದು ದಿನ ನಿಮ್ಮ ಕೆಲಸದ ಸ್ಥಳವನ್ನು ತೋರಿಸಬಲ್ಲಿರಾ ಎಂಬ ಪ್ರಶ್ನೆ, ಇಷ್ಟು ಅಂಕಣಗಳನ್ನು ನಾವು ಹಾಕಿದ್ದೆವು. ವಿಜ್ಞಾನಿಗಳು ಮಾತ್ರವೇ ಬರೆಯಬೇಕೆಂದಿಲ್ಲ. ಆಸ್ಪತ್ರೆಯ ರಕ್ತಪರೀಕ್ಷೆಯ ಕೊಠಡಿಯಲ್ಲಿರುವವರು, ಔಷಧದ ಕಾರ್ಖಾನೆಯಲ್ಲಿ ಗುಣಪರೀಕ್ಷೆ ಮಾಡುವವರು, ಕಂಪ್ಯೂಟರಿನ ಕೆಲಸದವರು, ಮನೆಯಲ್ಲಿದ್ದರೂ ಅರ್ಜಿಗಳನ್ನು ತುಂಬುವುದರಲ್ಲಿ ನಿಪುಣರಾದವರು, ಎಲ್ಲರೂ ಬೇಕು. ಮೊದಲ ಹೆಸರನ್ನು ಬರೆದವಳು ಆ ಕೆಂಗೇರಿಯ ಹುಡುಗಿಯೇ. ಬರೆದಾದ ಮೇಲೆ ಅಡಿಕೋಲನ್ನು ಕೇಳಿ ಪಡೆದು, ಪುಟದ ಕಡೆಯಲ್ಲಿ ತಾನೇ ಇನ್ನೊಂದು ಗೆರೆಯನ್ನೆಳೆದು, ಮೇಲೆ "ನಿಮಗೆ ಯಾರು ತಿಳಿಸಿದರು?" ಎಂದು ಶೀರ್ಷಿಕೆ ಬರೆದಳು. ತನ್ನ ಸಾಲಿನಲ್ಲಿ ಆ ಸ್ಥಳವನ್ನು ಖಾಲಿ ಬಿಟ್ಟಳು.

ರಿಜಿಸ್ಟರು ಪ್ರತಿ ಶನಿವಾರ ಮಧ್ಯಾಹ್ನ ಒಂದರಿಂದ ಮೂರು ಗಂಟೆಯವರೆಗೆ ಕಚೇರಿಯ ಮೇಜಿನ ಮೇಲಿರುತ್ತದೆ. ದೂರದಲ್ಲಿರುವವರು ಕಾಗದ ಬರೆದರೆ ನಾವೇ ತುಂಬಿಕೊಳ್ಳುತ್ತೇವೆ.